ಹರವಿಯ ತಳದ ಉಸುಕು

ನಮ್ಮ ಊರಲ್ಲಿ ನಾಯಿ ಕಟ್ಟೆ ಹತ್ತಿ ಕೂತರೆ ಯಾರೂ ಕಲ್ಲೆತ್ತುವುದಿಲ್ಲ. ಒಂದು ನಾಯಿ ಕೂತರೆ ಪಾಪ, ಅದಕ್ಕೆ ಮೈ ಸರಿಯಿಲ್ಲ ಎಂದುಕೊಳ್ಳುತ್ತೇವೆ. ಎರಡು ಕೂತರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಓಣಿಯ ನಾಯಿಗಳೆಲ್ಲ ಒಂದೊಂದು ಮನೆಯ ಕಟ್ಟೆ ಹಿಡಿದು, ಬಾಲ ಒಳಗೆ ಸೇರಿಸಿಕೊಂಡು, ರೊಟ್ಟಿ ತೋರಿಸಿದರೂ ಕೆಳಗಿಳಿಯದೆ ಕೂತವೆಂದರೆ ಮುಗಿಯಿತು. ಮೂರು ದಿನದಲ್ಲಿ ಬೀದಿ ಹೋಗುತ್ತದೆ.

ಹೋಗುತ್ತದೆ ಎಂದರೆ ಹೋಗುತ್ತದೆ, ಅಷ್ಟೆ. ಬಾಗಿಲು ತೆರೆದರೆ ಕಟ್ಟೆ ಇರುತ್ತದೆ, ಮೆಟ್ಟಿಲು ಇರುತ್ತದೆ, ಮೆಟ್ಟಿಲ ಕೆಳಗೆ ಏನೂ ಇರುವುದಿಲ್ಲ, ಹಾಲಿನಂಥ ಬಿಳುಪು ಬಿಟ್ಟು. ಎದುರು ಮನೆಗೆ ಕೂಗಿದರೆ ಕೇಳುವುದಿಲ್ಲ, ಏಕೆಂದರೆ ಎದುರು ಮನೆ ಇರುವುದಿಲ್ಲ. ಕೆಳಗೆ ಕಾಲಿಟ್ಟವರು ತಿರುಗಿ ಬಂದದ್ದಿಲ್ಲ. ನಮ್ಮ ಮಾವ ಸಣ್ಣವರಿದ್ದಾಗ ಇಪ್ಪತ್ತೆರಡು ದಿನ ಹೋಗಿತ್ತಂತೆ. ನಾನು ಲಗ್ನವಾಗಿ ಬಂದ ಮರುವರ್ಷ ಐವತ್ತೆಂಟು ದಿನ ಹೋಗಿದ್ದು ನನಗೇ ನೆನಪಿದೆ. ಆಮೇಲೆ ಹದಿನೇಳು ವರ್ಷ ಸುಮ್ಮನಿತ್ತು. ಅಷ್ಟು ವರ್ಷ ಸುಮ್ಮನಿದ್ದರೆ ಎಂಥ ಹುಷಾರಿ ಹೆಂಗಸೂ ಸಡಿಲಾಗುತ್ತಾಳೆ, ನಾನೊಬ್ಬಳೇ ಅಲ್ಲ.

ಅದಕ್ಕೇ ನಮ್ಮಲ್ಲಿ ಪ್ರತಿ ಮನೆಯಲ್ಲೂ ಅರವತ್ತು ದಿನದ ಜೋಳ ಇರಬೇಕು. ಕುಳ್ಳು, ಉಪ್ಪು, ದೀಪದ ಎಣ್ಣೆ, ಕಲ್ಲಿನ ತೊಟ್ಟಿಯ ತುಂಬ ನೀರು ಎಲ್ಲ ಸರಿಯೇ, ಆದರೆ ಲೆಕ್ಕಕ್ಕೆ ಬರುವುದು ಜೋಳ. ಬಾಗಿಲ ಮೇಲ್ಗಡೆ ಕೆಮ್ಮಣ್ಣಿನಲ್ಲಿ ಒಂದು ಅಂಕಿ ಬರೆದಿರುತ್ತದೆ. ಮನೆಯಲ್ಲಿ ಎಷ್ಟು ಜನವೋ ಅದಕ್ಕೆ ಒಂದು ಕೂಡಿಸಿ ಬರೆಯುವುದು. ಆ ಒಂದು ದಾರಿಹೋಕರ ಪಾಲು. ಬೀದಿ ಹೋಗುವ ಹೊತ್ತಿಗೆ ಯಾರು ಒಳಗಿದ್ದರೋ ಅವರು ಆ ಮನೆಯವರೇ. ನಮ್ಮದು ನಾಲ್ಕು. ನಾನು, ಹಗ್ಗ ಹೊಸೆಯುವ ನನ್ನ ಗಂಡ ಅಡಿವೆಪ್ಪ, ನಮ್ಮ ಅತ್ತೆ, ಮೇಲೊಬ್ಬ ಹೆಸರಿಲ್ಲದವನು.

ಜೋಳ ಅಳೆಯುವ ಕೆಲಸ ಕೋಲಿನ ರಾಚಪ್ಪನದು. ಎದೆಯುದ್ದದ ಬಿದಿರ ಕೋಲು, ಅದಕ್ಕೆ ಗೆರೆ ಕೊರೆದಿದೆ. ಸುಗ್ಗಿ ಮುಗಿದ ಮೇಲೆ ಒಂದು ಸಲ, ನಾಯಿ ಕಟ್ಟೆ ಹತ್ತಿದ ಮೇಲೆ ಇನ್ನೊಂದು ಸಲ ಮನೆಮನೆಗೆ ಬರುತ್ತಿದ್ದ. ಜೋಳ ತುಂಬಿದ ಮಣ್ಣಿನ ಹರವಿಯೊಳಗೆ ಕೋಲು ಇಳಿಸಿ, ತಳಕ್ಕೆ ತಾಗಿಸಿ, ಗೆರೆ ನೋಡಿ, ತುಂಬಿದೆ ಎಂದು ಬರೆದುಕೊಳ್ಳುವನು. ಕಡಿಮೆ ಬಿದ್ದರೆ ಬಾಗಿಲ ಮೇಲಿನ ಅಂಕಿ ಅಳಿಸಿ ಸೊನ್ನೆ ಬರೆಯುತ್ತಾರೆ. ಸೊನ್ನೆಯ ಮನೆಯಲ್ಲಿ ಯಾರೂ ಇರುವಂತಿಲ್ಲ. ಗಂಡ ಒಬ್ಬರ ಮನೆಗೆ, ಹೆಂಡತಿ ಇನ್ನೊಬ್ಬರ ಮನೆಗೆ, ಮುದುಕರು ಎಲ್ಲಿ ಜಾಗ ಸಿಕ್ಕರೆ ಅಲ್ಲಿಗೆ.

ಇನ್ನು ನನ್ನ ತಪ್ಪು ಹೇಳಿಬಿಡುತ್ತೇನೆ, ಮುಚ್ಚಿಟ್ಟು ಸಾಕಾಗಿದೆ. ಮೂರು ವರ್ಷದ ಹಿಂದೆ ನನ್ನ ತಂಗಿಯ ಮನೆಯ ಜೋಳಕ್ಕೆಲ್ಲ ನುಸಿ ಬಿತ್ತು. ಕೋಲಿನವನು ಬರಲು ವಾರ ಇತ್ತು. ಅವಳು ಬಂದು ಒಲೆಯ ಮುಂದೆ ಕೂತು ಅತ್ತಳು. ನಮ್ಮ ಮನೆಯವರಿಗೂ ಅವಳ ಗಂಡನಿಗೂ ಮಾತಿಲ್ಲ, ಹಾಗಾಗಿ ಯಾರಿಗೂ ಹೇಳದೆ ನಮ್ಮ ಮೂರು ಹರವಿಗಳಲ್ಲಿ ಎರಡರಿಂದ ಅರ್ಧರ್ಧ ತೆಗೆದು ಕೊಟ್ಟೆ. ಸುಗ್ಗಿಗೆ ಕೊಡುತ್ತೇನೆ ಎಂದಳು. ಹಳ್ಳದ ಉಸುಕು ತಂದು ಆ ಎರಡರ ತಳಕ್ಕೆ ತುಂಬಿ, ಮೇಲೊಂದು ಗೋಣಿತಟ್ಟು ಹಾಸಿ, ಉಳಿದ ಜೋಳ ಸುರಿದೆ. ಸುಗ್ಗಿ ಬಂತು, ಹೋಯಿತು. ನಾನು ಕೇಳಲಿಲ್ಲ, ಅವಳು ಕೊಡಲಿಲ್ಲ. ಪ್ರತಿ ವರ್ಷ ರಾಚಪ್ಪ ಆ ಹರವಿಗಳಿಗೆ ಕೋಲು ಇಳಿಸುವ ಹೊತ್ತಿಗೆ ಸರಿಯಾಗಿ ನಾನು ತಾಮ್ರದ ತಂಬಿಗೆ ಕೈಜಾರಿ ಬೀಳಿಸುತ್ತಿದ್ದೆ. ಆ ಸದ್ದಿಗೆ ಅವನು ತಿರುಗಿ ನೋಡುವನು, ಕೋಲಿನ ಸದ್ದೂ ಕೇಳದು, ಗೆರೆ ಅರ್ಧಕ್ಕೇ ನಿಂತದ್ದೂ ಕಾಣದು, ತಲೆಯಾಡಿಸಿ ಬರೆದುಕೊಳ್ಳುವನು. ಎಂಥ ದಡ್ಡನನ್ನು ಈ ಕೆಲಸಕ್ಕೆ ಇಟ್ಟಿದ್ದಾರಪ್ಪ ಎಂದು ಒಳಗೊಳಗೇ ನಗುತ್ತಿದ್ದೆ. ತಂಬಿಗೆಗೆ ಮೂರು ತಗ್ಗು ಬಿದ್ದವು.

ನಾಯಿಗಳು ಕಟ್ಟೆ ಹತ್ತಿದ ಬೆಳಿಗ್ಗೆ ನಾನು ಚೀಲ ಹಿಡಿದು ಅಂಗಡಿಗೆ ಹೋದೆ. ಒಂದು ತಾಸಿನಲ್ಲಿ ಅಂಗಡಿಗಳಲ್ಲಿ ಕಾಳು ಖಾಲಿ. ತಂಗಿಯ ಮನೆಗೆ ಓಡಿದೆ. ಅವಳು ಅರ್ಧ ಬಾಗಿಲು ತೆರೆದು, ಒಳಗೆ ಮಕ್ಕಳಿದ್ದಾರಕ್ಕ ಎಂದಳು, ನನ್ನ ಮುಖ ನೋಡಲಿಲ್ಲ. ನಾನು ಬೈಯಬೇಕೆಂದು ಹೋದವಳು ಹಾಗೇ ತಿರುಗಿ ಬಂದೆ. ಗಂಡನಿಗೆ ಹೇಳೋಣವೆಂದರೆ ಅವರು ತೊಟ್ಟಿಗೆ ನೀರು ತುಂಬುತ್ತ, ಈ ಸಲ ನೂರು ದಿನ ಹೋದರೂ ನಮಗೇನು, ನೀಲವ್ವನ ಉಗ್ರಾಣ ಇದೆ ಎಂದು ನನ್ನ ಹೆಸರು ಹೇಳಿ ಪಕ್ಕದವರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದರು. ಎರಡು ದಿನ ಹೀಗೇ ಹೇಳದೆ ಕಳೆದೆ.

ಮೂರನೆಯ ದಿನ ಮಧ್ಯಾಹ್ನ ರಾಚಪ್ಪ ಬಂದ. ನಮ್ಮದು ಓಣಿಯ ಕೊನೆಯ ಮನೆ. ಬಿಸಿಲಿಗೆ ಬೆವೆತಿದ್ದ, ಅವಸರದಲ್ಲಿದ್ದ. ಸಂಜೆಯೊಳಗೆ ಮನೆ ಸೇರಬೇಕು, ಹೆಂಡತಿ ಬಾಳವ್ವ ಒಬ್ಬಳೇ ಇದ್ದಾಳೆ ಎಂದ. ಮೊದಲನೆಯ ಹರವಿಗೆ ಕೋಲು ಇಳಿಸಿದ, ತಳಕ್ಕೆ ಟಕ್ಕೆಂದಿತು. ಎರಡನೆಯದರ ಕಡೆ ತಿರುಗುವಷ್ಟರಲ್ಲಿ ನಾನು ಮಜ್ಜಿಗೆ ಹಿಡಿದು ನಿಂತಿದ್ದೆ. ಹೊತ್ತಾದರೆ ಕೋಲಿಡದೇ ಬರೆದುಕೊಂಡು ಓಡುತ್ತಾನೆ ಎಂದು ನನ್ನ ಲೆಕ್ಕ. ಅವನ ಮೊಣಕಾಲು ನೋವಿನ ಸುದ್ದಿ ಕೇಳಿದೆ, ಅವನ ಹೆಂಡತಿಯ ತವರಿನ ಸುದ್ದಿ ಕೇಳಿದೆ. ಲೋಟ ಖಾಲಿಯಾದಾಗ ಸಾಕವ್ವ ಎಂದ. ನಾನು ಕೇಳದೆಯೇ ಎರಡನೇ ಲೋಟ ಬಗ್ಗಿಸಿದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ, ಎತ್ತಿ ಕುಡಿಯತೊಡಗಿದ.

ಕಟ್ಟೆಯ ಮೇಲಿದ್ದ ಕಂದು ನಾಯಿ ಕುಂಯ್‌ಗುಟ್ಟುತ್ತ ಒಳಗೆ ಓಡಿ ಬಂತು. ಬೆಳಕಿಂಡಿಯಿಂದ ಬೀಳುತ್ತಿದ್ದ ಬಿಸಿಲು ಒಮ್ಮೆಗೇ ಬಿಳಿಚಿತು. ಹೊರಗಿನ ಗಾಡಿಯ ಸದ್ದು, ಮಕ್ಕಳನ್ನು ಕರೆಯುವ ಸದ್ದು ಎಲ್ಲ ನಿಂತವು. ರಾಚಪ್ಪ ಲೋಟ ಕೆಳಗಿಟ್ಟು ಬಾಗಿಲಿಗೆ ಹೋದ. ಮೆಟ್ಟಿಲವರೆಗೆ ಹೋಗಿ ನಿಂತ. ನಾಯಿಗಳು ಮೂರು ದಿನವೆಂದರೆ ಮೂರು ದಿನವೇ, ಆದರೆ ಯಾವ ಗಳಿಗೆ ಎಂದು ಅವೂ ಹೇಳುವುದಿಲ್ಲ.

“ಬಾಳವ್ವ ಬಾಗಲದಾಗ ನಿಂತಿರತಾಳ,” ಎಂದ ಅವನು, ನಮಗಲ್ಲ, ಆ ಬಿಳುಪಿಗೆ. “ಇನ್ನೊಂದ ಮನಿ ಮುಗಿಸಿ ಬರತೀನಿ ಅಂದಿದ್ದೆ.”

ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಒಂದು ಲೋಟ ಮಜ್ಜಿಗೆಗೆ ಆ ಮನುಷ್ಯನನ್ನು ಅವನ ಮನೆಯಿಂದ ಕಿತ್ತು ನನ್ನ ಮನೆಯಲ್ಲಿ ಕೂಡಿಹಾಕಿದ್ದೆ. ನಾಲ್ಕನೆಯವನಿಗೆ ಹೆಸರು ಬಂತು. ಅವನ ಪಾಲು ಉಸುಕಾಗಿತ್ತು.

ಅಂದಿನಿಂದಲೇ ನಾನು ಹಿಟ್ಟಿಗೆ ಕೈ ಬಿಗಿ ಮಾಡಿದೆ. ಬೀಸುವುದು ನಾನು, ತಟ್ಟುವುದು ನಾನು, ಬಡಿಸುವುದು ನಾನು, ಹಾಗಾಗಿ ಮೊದಮೊದಲು ಯಾರಿಗೂ ತಿಳಿಯಲಿಲ್ಲ. ರೊಟ್ಟಿ ತೆಳ್ಳಗಾದವು. ನನಗೆ ಸೋಮವಾರ ಉಪವಾಸ ಎಂದೆ, ಆಮೇಲೆ ಗುರುವಾರ ಎಂದೆ, ಆಮೇಲೆ ಹರಕೆ ಎಂದೆ. ಇಷ್ಟು ದೇವರು ನಿನಗೆ ಯಾವಾಗ ಗಂಟುಬಿದ್ದವು ಎಂದು ಅತ್ತೆ ಕೇಳಿದರು. ಅವರದ್ದೇ ಬೇರೆ ಕಥೆ. ದಿನಾ ಅರ್ಧ ರೊಟ್ಟಿ ಸೆರಗಿನಲ್ಲಿ ಮುಚ್ಚಿಕೊಂಡು, ನಾಯಿಗೆ ಹಾಕುತ್ತೇನೆ ಎಂದು ಮೂಲೆಗೆ ಹೋಗುವರು. ಒಂದು ದಿನ ತಡೆಯಲಾರದೆ ಮನುಷ್ಯರಿಗಿಲ್ಲದ್ದು ನಾಯಿಗೇಕೆ ಎಂದು ಜಗಳ ತೆಗೆದೆ. ಅತ್ತೆ ಕಿವಿ ಕೇಳಿಸದವರ ಹಾಗೆ ಗೋಡೆ ಕಡೆ ಮುಖ ಮಾಡಿದರು. ನನ್ನ ಗಂಡ, ಅರವತ್ತು ದಿನದ್ದಿರುವಾಗ ತುಂಡು ರೊಟ್ಟಿಗೆ ಯಾಕೆ ಕೂಗಾಡುತ್ತೀ ಎಂದರು.

ರಾಚಪ್ಪ ಹಗಲೆಲ್ಲ ಮೆಟ್ಟಿಲ ಮೇಲೆ ಕೂತಿರುವನು. ಊಟಕ್ಕೆ ಕರೆದರೆ ಬಂದು, ಹಾಕಿದ್ದರಲ್ಲಿ ಒಂದು ಚೂರು ಬಿಟ್ಟು ಏಳುವನು. ಮೊದಲನೆಯ ಹರವಿ ಇಪ್ಪತ್ತೆರಡನೆಯ ದಿನ ಮುಗಿಯಿತು. ಎರಡನೆಯದಕ್ಕೆ ಕೈ ಹಾಕಿದ ಮೇಲೆ ನಾನು ಪ್ರತಿ ಬೆಳಿಗ್ಗೆ ಸೇರನ್ನು ಮೆಲ್ಲಗೆ, ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತುತ್ತಿದ್ದೆ. ನಾಳೆ ಬೀದಿ ಬರಲಿ, ನಾಳೆ ಬರಲಿ ಎಂದು ಕೇಳದ ದೇವರಿಲ್ಲ.

ಮೂವತ್ತನಾಲ್ಕನೆಯ ದಿನ ಬೆಳಿಗ್ಗೆ ಸೇರು ಗೋಣಿತಟ್ಟಿಗೆ ಸಿಕ್ಕಿ, ತಟ್ಟು ಹರಿದು, ಕೆಳಗೆ ಕರ್ ಎಂದು ಕೆರೆಯಿತು. ಹೊರಗೆ ಒಂದು ಸದ್ದೂ ಇಲ್ಲದ ಆ ಮನೆಯಲ್ಲಿ ಅದು ಎಲ್ಲರಿಗೂ ಕೇಳಿಸಿತು. ಗಂಡ ಹಗ್ಗ ಬಿಟ್ಟು ಎದ್ದು ಬಂದು, ಹರವಿಯೊಳಗೆ ಭುಜದವರೆಗೆ ಕೈ ಹಾಕಿ, ಒಂದು ಹಿಡಿ ಉಸುಕು ತೆಗೆದು ಬೆಳಕಿಂಡಿಯ ಕೆಳಗೆ ಹಿಡಿದು ನೋಡಿದರು. ನಾನು ಎಲ್ಲ ಹೇಳಿದೆ. ತಂಗಿ, ನುಸಿ, ತಂಬಿಗೆ, ಮಜ್ಜಿಗೆ, ಒಂದನ್ನೂ ಬಿಡಲಿಲ್ಲ. ಮೂರನೆಯ ಹರವಿಯೂ ಹೀಗೇ ಎಂದೂ ಹೇಳಿದೆ. ಹೊಡೆಯುತ್ತಾರೆ ಎಂದುಕೊಂಡೆ. ಅವರು ಉಸುಕನ್ನು ಮತ್ತೆ ಹರವಿಗೇ ಹಾಕಿ, ಕೈ ಕೊಡವಿಕೊಂಡು, ಬೆನ್ನು ತಿರುಗಿಸಿ ಕೂತರು. ಹೊಡೆದಿದ್ದರೇ ಚೆನ್ನಾಗಿತ್ತು.

ಮಾತಾಡಿದ್ದು ರಾಚಪ್ಪ. “ಮೂರು ವರ್ಷದಿಂದ ನನಗ ಗೊತ್ತೈತಿ ನೀಲವ್ವ. ತಳಕ್ಕ ಬಡದ್ರ ಕೋಲು ಕೈಯಾಗ ಒದಿತೈತಿ. ಉಸುಕಿಗೆ ಬಡದ್ರ ಸುಮ್ಮನ ನಿಂದರತೈತಿ. ತಂಬಿಗಿ ಬೀಳಿಸಿದ್ರ ಕಿವಿ ಮುಚ್ಚಬಹುದು, ಕೈ ಮುಚ್ಚಾಕ ಬರಂಗಿಲ್ಲ.”

ಗೊತ್ತಿದ್ದೂ ಯಾಕೆ ತುಂಬಿದೆ ಎಂದು ಬರೆದೆ ಎಂದು ನನ್ನ ಗಂಡ ಗೋಡೆಯ ಕಡೆ ನೋಡುತ್ತಲೇ ಕೇಳಿದರು. ಕೋಲು ಹಿಡಿದ ಮೊದಲನೆಯ ವರ್ಷ ಒಂದು ಮನೆಯಲ್ಲಿ ಕಡಿಮೆ ಸಿಕ್ಕಿತಂತೆ. ಅವನೇ ಸೊನ್ನೆ ಬರೆದ. ಅತ್ತೆ, ಸೊಸೆ, ಮಗ ಮೂರು ಮನೆಗೆ ಹಂಚಿಹೋದರು. ಬೀದಿ ಹೋಗಿ ಬರುವಷ್ಟರಲ್ಲಿ ಆ ಮುದುಕಿ ಪರರ ಮನೆಯ ಮೂಲೆಯಲ್ಲಿ, ಮಗನ ಹೆಸರು ಕರೆಯುತ್ತ ತೀರಿಕೊಂಡಿದ್ದಳು. ಆಮೇಲೆ ಸೊನ್ನೆ ಬರೆಯಲು ತನಗೆ ಕೈ ಬರಲಿಲ್ಲ ಎಂದ. ನಮ್ಮಂಥ ಮನೆ ಎಷ್ಟಿವೆ ಎಂದು ನಾನು ಕೇಳಿದೆ. ಅದಕ್ಕೆ ಅವನು ಬೇರೆ ಏನೋ ಹೇಳಿದ.

“ಕೋಲು ಹಿಡದಾವ ತನ್ನ ಮನಿ ತಾ ಅಳಿಯೂ ಹಂಗಿಲ್ಲ, ಅದು ರೂಢಿ. ನನ್ನ ಮನಿ ಯಾರೂ ಅಳದಿಲ್ಲ. ಹರವಿ ತುಂಬ್ಯಾವು ಅಂತ ಬಾಳವ್ವ ಅಂದಾಳ.” ನಮ್ಮ ಹರವಿಯ ಕಡೆ ನೋಡಿ, “ನೀನೂ ಹಂಗ ಅಂದಿದ್ದಿ,” ಎಂದ.

ಆಗ ಅತ್ತೆ ಎದ್ದು ತಮ್ಮ ಹಳೆಯ ಟ್ರಂಕು ಎಳೆದುಕೊಂಡು ಬಂದರು. ಅದರ ತುಂಬ ಒಣಗಿದ ಅರ್ಧರ್ಧ ರೊಟ್ಟಿ. ಹಳ್ಳದ ಉಸುಕು ನಮ್ಮ ಮನೆಗೆ ಯಾಕೆ ಬಂತು ಎಂದು ಮೂರು ವರ್ಷದ ಹಿಂದೆಯೇ ಕೇಳಬೇಕಿತ್ತು, ಕೇಳದ್ದು ನನ್ನ ತಪ್ಪು ಎಂದರು. “ನಾಯಿ ತಿಂದಿದ್ರ ನಾಯಿ ಇಷ್ಟ ಸೊರಗತಿತ್ತೇನು? ಕಣ್ಣು ನಿನಗಷ್ಟ ಅದಾವು ಅಂತ ತಿಳಕೊಂಡೀಯಲ್ಲ, ಹುಚ್ಚಿ.” ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ನಾಯಿ ಬಂದು ಟ್ರಂಕು ಮೂಸಿತು, ಅತ್ತೆ ಅದಕ್ಕೂ ಒಂದು ಚೂರು ಕೊಟ್ಟರು.

ಮಾರನೆಯ ಬೆಳಿಗ್ಗೆ ನೀರು ತೋಡಲು ಎದ್ದವಳು ಬಾಗಿಲು ತೆರೆದಿದ್ದು ಕಂಡೆ. ರಾಚಪ್ಪ ಮೆಟ್ಟಿಲ ಅಂಚಿನಲ್ಲಿ ಕೂತಿದ್ದ, ಕಾಲೆರಡೂ ಬಿಳುಪಿನಲ್ಲಿ ಮೊಣಕಾಲವರೆಗೆ ಕಾಣುತ್ತಿರಲಿಲ್ಲ. ಕೋಲನ್ನು ಬಾಗಿಲ ಒಳಗೆ ಒರಗಿಸಿಟ್ಟಿದ್ದ, ಅದು ಊರಿನದು ಎಂದು. ನಾನು ಕೂಗಲಿಲ್ಲ. ಕೂಗಿದರೆ ಬೆಚ್ಚಿ ಜಾರುತ್ತಾನೆ ಎಂಬ ಭಯ. ಹಿಂದಿನಿಂದ ಹೋಗಿ ಅವನ ರಟ್ಟೆ ಎರಡೂ ಕೈಯಲ್ಲಿ ಹಿಡಿದೆ. ಅವನ ಭಾರ ಆಗಲೇ ಮುಂದಕ್ಕೆ ವಾಲಿತ್ತು.

“ಬಿಡು ತಂಗಿ. ಒಂದ ಬಾಯಿ ಕಡಿಮಿ ಆದ್ರ ನಿಮಗ ಒಂದ ನಾಕ ದಿನ ಹೆಚ್ಚಿಗಿ ಸಿಗತಾವು.”

“ಬಾಗಲ ಮ್ಯಾಲೆ ನಾಲ್ಕು ಅಂತ ಬರದವರು ನೀವ,” ಎಂದೆ. ಹಿಡಿದ ಕೈ ಬಿಡಲಿಲ್ಲ. “ನಾಲ್ಕು ಅಂದ್ರ ನಾಲ್ಕು. ಬರದದ್ದು ನೀವ ಸುಳ್ಳ ಮಾಡಬ್ಯಾಡ್ರಿ.”

ಅಷ್ಟರಲ್ಲಿ ನನ್ನ ಗಂಡ ಬಂದರು. ತಾವೇ ಹೊಸೆದ ಹಗ್ಗವನ್ನು ರಾಚಪ್ಪನ ಸೊಂಟಕ್ಕೆ ಎರಡು ಸುತ್ತು ಸುತ್ತಿ, ಗಂಟು ಹಾಕಿ, ಒಳಗೆಳೆದು, ಇನ್ನೊಂದು ತುದಿಯನ್ನು ನಡುಮನೆಯ ಕಂಬಕ್ಕೆ ಕಟ್ಟಿದರು. ಹಗ್ಗದವನ ಗಂಟು, ಬಿಚ್ಚಲು ಅವರಿಗೇ ಬರಬೇಕು. ಆಮೇಲೆ ನನ್ನ ಕಡೆ ತಿರುಗಿ, ಇವತ್ತಿನಿಂದ ರೊಟ್ಟಿ ನಾಲ್ಕು ಸಮ ತುಂಡಾಗಬೇಕು, ನಿನ್ನ ಉಪವಾಸದ ನಾಟಕ ಸಾಕು ಎಂದರು. ಅವರು ಮತ್ತೆ ನನ್ನೊಡನೆ ಮಾತಾಡಿದರಲ್ಲ ಎಂಬುದೇ ನನಗೆ ಹೊಟ್ಟೆ ತುಂಬಿದ ಹಾಗಾಯಿತು.

ಮೂರನೆಯ ಹರವಿಯ ಮೇಲಿನ ಅರ್ಧ, ಟ್ರಂಕಿನ ರೊಟ್ಟಿ, ಕೊನೆಗೆ ಉಸುಕನ್ನು ಜರಡಿ ಹಿಡಿದು ಅದರಲ್ಲಿ ಬೆರೆತಿದ್ದ ಕಾಳು, ಇಷ್ಟರಲ್ಲಿ ದಿನ ನೂಕಿದೆವು. ಕೊನೆಕೊನೆಗೆ ದಿನಕ್ಕೆ ಒಂದು ಬಟ್ಟಲು ಅಂಬಲಿ. ಅಂಬಲಿಯಲ್ಲಿ ಹಲ್ಲಿಗೆ ಉಸುಕು ಸಿಗುತ್ತಿತ್ತು, ಯಾರೂ ಉಗಿಯಲಿಲ್ಲ. ಅತ್ತೆ ಹಾಸಿಗೆ ಹಿಡಿದರು. ರಾಚಪ್ಪ ಕಂಬಕ್ಕೆ ಒರಗಿ, ಹಗ್ಗದ ತುದಿ ಬೆರಳಿಗೆ ಸುತ್ತಿಕೊಂಡು, ಬಾಳವ್ವನಿಗೆ ಎಷ್ಟು ಹಿಟ್ಟು ಸಾಕು, ಒಬ್ಬಳೇ ಅಲ್ಲವೇ, ಅರ್ಧ ಹರವಿ ಇದ್ದರೂ ನಡೆಯುತ್ತದೆ ಎಂದು ದಿನಾ ಅದನ್ನೇ ಹೇಳುವನು. ಹೌದು ಎಂದು ನಾವೂ ದಿನಾ ಅದನ್ನೇ ಹೇಳುತ್ತಿದ್ದೆವು.

ಐವತ್ತಮೂರನೆಯ ದಿನ ನಾಯಿ ಎದ್ದು, ಮೈ ಕೊಡವಿ, ಬಾಗಿಲ ಸಂದಿಯಲ್ಲಿ ನುಸುಳಿ ಕಟ್ಟೆಗೆ ಹೋಯಿತು. ಮೆಟ್ಟಿಲು ಮೂಸಿತು. ಆಮೇಲೆ ಇಳಿದೇ ಹೋಯಿತು. ಅದರ ಉಗುರು ಕಲ್ಲಿಗೆ ತಾಗುವ ಸದ್ದು ಕೇಳಿತು. ನನ್ನ ಗಂಡ ಕಂಬದ ಗಂಟು ಬಿಚ್ಚುವಷ್ಟರಲ್ಲಿ ರಾಚಪ್ಪ ಅಳುತ್ತಿದ್ದ. ಬಿಚ್ಚಿದ ಕೂಡಲೇ, ಮೊಣಕಾಲು ನೋವಿನ ಮನುಷ್ಯ, ಹಗ್ಗ ಎಳೆದುಕೊಂಡೇ ಓಡಿದ. ನಾನೂ ಹಿಂದೆ ಓಡಿದೆ, ಅವನ ಮನೆಯ ಬಾಗಿಲು ತೆರೆಯುವುದನ್ನು ಕಣ್ಣಾರೆ ನೋಡದೆ ನಾನು ಬದುಕುವಂತಿರಲಿಲ್ಲ. ಬಾಳವ್ವ ಬಾಗಿಲಲ್ಲಿ ನಿಂತಿದ್ದಳು, ಮೂಳೆ ಚಕ್ಕಳವಾಗಿ, ಬಾಗಿಲ ಚೌಕಟ್ಟು ಹಿಡಿದುಕೊಂಡು. ಯಾರ ಮನೆಯಲ್ಲಿದ್ದಿರಿ ಎಂದು ಕೇಳಿದಳು. ನೀಲವ್ವನ ಮನೆ, ಬಾಗಿಲ ಮೇಲಿನ ನಾಲ್ಕೂ ತುಂಬಿತ್ತು ಎಂದ ಅವನು. ಒಬ್ಬಳೇ ಇದ್ದವಳು ಹೀಗೇಕೆ ಸೊರಗಿದಳು ಎಂದು ಅವನು ಕೇಳಲಿಲ್ಲ. ನಾನೂ ಆಗ ಯೋಚಿಸಲಿಲ್ಲ.

ಊರಿನ ಬಾಗಿಲುಗಳೆಲ್ಲ ತೆರೆದವು, ಕುಂಬಾರ ಓಣಿಯ ಮೊದಲನೆಯ ಮನೆ ಬಿಟ್ಟು. ಅದರ ಬಾಗಿಲ ಮೇಲೆ ಐದು ಎಂದು ಬರೆದಿತ್ತು. ಜನ ಒದ್ದು ತೆಗೆದರು. ರಾಚಪ್ಪ ಒಳಗೆ ಹೋಗಿ ಮೊದಲು ಹರವಿಗೆ ಕೈ ಹಾಕಿದ. ಹೊರಗೆ ಬಂದಾಗ ಅವನ ಮುಷ್ಟಿಯಲ್ಲಿ ಏನಿದೆ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಬೆರಳ ಸಂದಿಯಿಂದ ಸುರಿಯುತ್ತಿತ್ತು. ಗುಂಪಿನಲ್ಲಿದ್ದ ಎಷ್ಟೋ ಹೆಂಗಸರು ನೆಲ ನೋಡಿದರು. ನಾನು ತಲೆಯೆತ್ತಿ, ನನ್ನ ಮನೆಯಲ್ಲೂ ಉಸುಕಿತ್ತು ಎಂದೆ. ಅಲ್ಲಿ ನಿಂತಿದ್ದ ನನ್ನ ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಯಾರೂ ನನಗೆ ಕಲ್ಲೆಸೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ರಾಚಪ್ಪ ಮತ್ತೆ ಕೋಲು ಮುಟ್ಟಲಿಲ್ಲ. ದಾರಿಹೋಕನೂ ಸೇರಿ ಆ ಮನೆಯ ಐದು ಜನರನ್ನು ಮಣ್ಣು ಮಾಡಿದ ಮಾರನೆಯ ದಿನ ಅದನ್ನು ತಂದು ನಮ್ಮ ಕಟ್ಟೆಯ ಮೇಲಿಟ್ಟ. ಅತ್ತೆ ಹಾಸಿಗೆಯಿಂದಲೇ, ಕಳ್ಳಿಯ ಕೈಗೆ ಕೀಲಿ ಕೊಡುತ್ತೀಯಲ್ಲಪ್ಪ ಎಂದು ನಗೆಯಾಡಿದರು. ಉಸುಕು ಹಾಕಿದ ಕೈಗೇ ಉಸುಕು ಬೇಗ ತಿಳಿಯುತ್ತದೆ ಎಂದ ಅವನು. ಅವನು ಕರುಣೆಯಿಂದ ಬರೆದ ಐದೂ ನನ್ನ ಕಣ್ಣೆದುರಿಗಿತ್ತು, ನಿಯಮದಂತೆ ಬರೆದ ಸೊನ್ನೆಯೂ ಇತ್ತು. ಎರಡನ್ನೂ ಬರೆಯದೆ ಈ ಕೆಲಸ ಹೇಗೆ ಮಾಡುವುದೋ ನನಗೆ ತಿಳಿಯದು. ಆದರೂ ಸುಗ್ಗಿ ಮುಗಿದಾಗ ಕೋಲು ಎತ್ತಿಕೊಂಡೆ. ಮೊದಲು ಹೋದದ್ದು ಊರಿನಲ್ಲಿ ಯಾರೂ ಯಾವತ್ತೂ ಅಳೆಯದ ಮನೆಗೆ.

ರಾಚಪ್ಪ ಹೊಲಕ್ಕೆ ಹೋಗಿದ್ದ. ಬಾಳವ್ವ ಚಾಪೆ ಹಾಸಿ ಕೂರಿಸಿದಳು. ಮಜ್ಜಿಗೆ ಕೊಟ್ಟಳು, ಇಂಗು, ಕೊತ್ತಂಬರಿ ಹಾಕಿದ ಒಳ್ಳೆಯ ಮಜ್ಜಿಗೆ. ಅತ್ತೆಯ ಆರೋಗ್ಯ ಕೇಳಿದಳು, ನಮ್ಮವರ ಹಗ್ಗದ ವ್ಯಾಪಾರ ಕೇಳಿದಳು, ನನ್ನ ತವರಿನ ಸುದ್ದಿ ಕೇಳಿದಳು. ಮೂಲೆಯಲ್ಲಿ ಎರಡು ಹರವಿ, ಬಾಯಿತನಕ ಜೋಳ ಹೊಳೆಯುತ್ತಿತ್ತು. ಲೋಟ ಖಾಲಿ ಮಾಡಿ ಸಾಕು ಎಂದೆ. ಅವಳು ಕೇಳದೆಯೇ ಎರಡನೇ ಲೋಟ ಬಗ್ಗಿಸಿದಳು. ಮಜ್ಜಿಗೆ ಚಾಪೆಯ ಮೇಲೆ ಚೆಲ್ಲಿತು.

ನಾನು ಕೋಲನ್ನು ಗೋಡೆಗೆ ಒರಗಿಸಿ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

“ಮೊರ ತಗೊಂಡ ಬಾ ಬಾಳವ್ವ,” ಎಂದೆ. “ಇಬ್ಬರೂ ಕೂಡಿ ಉಸುಕು ತಗಿಯೂಣು. ಎಷ್ಟ ಕಡಿಮಿ ಬೀಳತೈತಿ ನೋಡಿ, ಊರಾಗ ಮನಿಗೆ ಒಂದೊಂದ ಸೇರು ಕೇಳಿ ಕೂಡಸೂಣು.”

ಅವಳು ಮೊರ ತರಲು ಎದ್ದಳು. ತೆರೆದ ಬಾಗಿಲಿನಿಂದ ನಮ್ಮ ಕಂದು ನಾಯಿ ಕಾಣುತ್ತಿತ್ತು. ಅದು ಇನ್ನೂ ನಡುಬೀದಿಯಲ್ಲೇ, ಬಿಸಿಲಿಗೆ ಹೊಟ್ಟೆ ಚಾಚಿ ಮಲಗಿತ್ತು.